ಗಡ್ಡೆಗೆ ಔಷಧ ಪಟ್ಟಣಕ್ಕೆ, ಕತ್ತರಿ ತಾಂಡಾಕ್ಕೆ

“ಗಡ್ಡಿ ಅದ. ಬಿಟ್ರ ಕ್ಯಾನ್ಸರ್ ಆಗ್ತದ. ತೆಗಿಸಿಬಿಡ್ರಿ.”

ಈ ಮೂರು ಮಾತು ನಮ್ಮ ಕಡೆ ಎಷ್ಟೋ ಹೆಂಗಸರ ಗರ್ಭಕೋಶ ತೆಗೆಸಿವೆ. ಕೈಯಲ್ಲಿ ಸ್ಕ್ಯಾನಿಂಗ್ ಚೀಟಿ, ಅದರಲ್ಲಿ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು, ಹೊರಗೆ ಬೆಂಚಿನ ಮೇಲೆ ದುಡ್ಡಿನ ಲೆಕ್ಕ ಹಾಕುತ್ತಾ ಕೂತ ಗಂಡ. ಎರಡನೇ ಡಾಕ್ಟರನ್ನು ಕೇಳೋಣ ಅಂದರೆ ಮತ್ತೊಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಹೂಂ ಅಂದುಬಿಡುತ್ತಾರೆ.

ಆ ಮೂರು ಮಾತಿನಲ್ಲಿ ಮೊದಲನೆಯದು ನಿಜ ಇರಬಹುದು. ಎರಡನೆಯದು ಬಹುತೇಕ ಸುಳ್ಳು. ಮೂರನೆಯದಕ್ಕೆ ಮೊದಲು ಹೇಳಬೇಕಾದ ಮಾತುಗಳು ಹತ್ತಿವೆ. ಅವನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ನಮ್ಮ ಜಗಳ.

ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ನಾರುಗಡ್ಡೆ. ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. 2003ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನದ ಫಲಿತಾಂಶ ಬಂತು. ಕಾಯಿಲೆ ಅಂತ ಬಂದವರನ್ನಷ್ಟೇ ನೋಡದೆ ಸಾಮಾನ್ಯ ಹೆಂಗಸರಿಗೂ ಸ್ಕ್ಯಾನಿಂಗ್ ಮಾಡಿ ನೋಡಿದ ಅಧ್ಯಯನ ಅದು. ಐವತ್ತು ವಯಸ್ಸಿನ ಹೊತ್ತಿಗೆ ನೂರು ಬಿಳಿಯ ಹೆಂಗಸರಲ್ಲಿ ಸುಮಾರು 70 ಮಂದಿಗೆ, ನೂರು ಕಪ್ಪು ಹೆಂಗಸರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಗಡ್ಡೆ ಇರುತ್ತದೆ ಎಂಬ ಅಂದಾಜು ಸಿಕ್ಕಿತು. ಎಷ್ಟೋ ಮಂದಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಗಡ್ಡೆ ಇದೆ ಅನ್ನುವುದೊಂದೇ ಕಾರಣಕ್ಕೆ ತೆಗೆಯುವುದಾದರೆ ಅಮೆರಿಕದಲ್ಲಿ ಎಷ್ಟು ಗರ್ಭಕೋಶ ಉಳಿಯುತ್ತಿದ್ದವು? ಮುಟ್ಟು ನಿಂತ ಮೇಲೆ ಈ ಗಡ್ಡೆಗಳು ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. ನಲವತ್ತೆಂಟರ ಹೆಂಗಸಿಗೆ “ಎರಡು ಮೂರು ವರ್ಷ ತಡೀರಿ, ಅಲ್ಲಿವರೆಗೆ ಈ ಮಾತ್ರೆ ತಗೊಳ್ರಿ” ಅನ್ನುವುದೂ ಚಿಕಿತ್ಸೆಯೇ. ಆದರೆ ಅದಕ್ಕೆ ಬಿಲ್ ಆಗುವುದಿಲ್ಲ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ತಡ ಮಾಡಬೇಡಿ, ತಕ್ಷಣ ತೋರಿಸಿ. ಅದು ಬೇರೆ ವಿಷಯ.)

ಈಗ ಸಂಶೋಧನೆಗೆ ಬರೋಣ. ಗಡ್ಡೆಗೆ, ಅತಿ ರಕ್ತಸ್ರಾವಕ್ಕೆ ಗರ್ಭಕೋಶ ಉಳಿಸಿಕೊಂಡೇ ಏನು ಮಾಡಬಹುದು ಅನ್ನುವುದನ್ನು ಜಗತ್ತು ಇಪ್ಪತ್ತು ವರ್ಷದಿಂದ ಚೆನ್ನಾಗಿಯೇ ಹುಡುಕಿದೆ.

ನೆದರ್ಲೆಂಡ್ಸ್‌ನಲ್ಲಿ 177 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಯಿತು. ಎಲ್ಲರಿಗೂ ಗಡ್ಡೆ, ಎಲ್ಲರಿಗೂ ಅತಿ ರಕ್ತಸ್ರಾವ, ಎಲ್ಲರೂ ಗರ್ಭಕೋಶ ತೆಗೆಸಬೇಕು ಅಂತ ನಿರ್ಧಾರವಾಗಿದ್ದವರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್. ಇನ್ನೊಂದು ಗುಂಪಿಗೆ ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಗಡ್ಡೆಗೆ ಹೋಗುವ ರಕ್ತವನ್ನು ತಡೆಯುವ ಚಿಕಿತ್ಸೆ. ಹತ್ತು ವರ್ಷ ಬಿಟ್ಟು ಮತ್ತೆ ಅವರನ್ನೇ ಹುಡುಕಿ ಕೇಳಿದರು. ನಳಿಕೆ ಚಿಕಿತ್ಸೆ ಪಡೆದವರಲ್ಲಿ ಸುಮಾರು ಮೂವರಲ್ಲಿ ಇಬ್ಬರ ಗರ್ಭಕೋಶ ಹಾಗೇ ಇತ್ತು. ತೆಗೆಸಲೇಬೇಕು ಅಂತ ಬರೆದುಕೊಟ್ಟಿದ್ದವರ ಕಥೆ ಇದು!

ಇಂಗ್ಲೆಂಡಿನದು ನಮಗೆ ಇನ್ನೂ ಮುಖ್ಯ. ಏಕೆಂದರೆ ಅದು ದೊಡ್ಡ ಆಸ್ಪತ್ರೆಯಲ್ಲಿ ನಡೆದದ್ದಲ್ಲ, ನಮ್ಮ ಪಿಎಚ್‌ಸಿ ಡಾಕ್ಟರಂಥ ಸಾಮಾನ್ಯ ವೈದ್ಯರ ಬಳಿ ನಡೆದದ್ದು. ಅತಿ ರಕ್ತಸ್ರಾವದ 571 ಹೆಂಗಸರು. ಕೆಲವರಿಗೆ ಹಾರ್ಮೋನ್ ಇರುವ ವಂಕಿ ಹಾಕಿದರು, ಉಳಿದವರಿಗೆ ಟ್ರಾನೆಕ್ಸಾಮಿಕ್ ಆಸಿಡ್, ಮೆಫೆನಾಮಿಕ್ ಆಸಿಡ್‌ನಂಥ ಮಾಮೂಲಿ ಮಾತ್ರೆ ಕೊಟ್ಟರು. ದೊಡ್ಡ ಗಡ್ಡೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷದಲ್ಲಿ ವಂಕಿಯವರಿಗೆ ಹೆಚ್ಚು ಗುಣ ಕಂಡಿತು. ಐದು ವರ್ಷದ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ಐವರಲ್ಲಿ ಸುಮಾರು ನಾಲ್ವರಿಗೆ ಯಾವ ಆಪರೇಷನ್ನೂ ಆಗಿರಲಿಲ್ಲ.

ಟ್ರಾನೆಕ್ಸಾಮಿಕ್ ಆಸಿಡ್ ಹೊಸ ಔಷಧವಲ್ಲ. 1962ರಲ್ಲಿ ಅದರ ಸಂಶೋಧನೆಯನ್ನು ಪ್ರಕಟಿಸಿದವರು ಜಪಾನಿನ ಉತಾಕೊ ಒಕಾಮೊಟೊ ಎಂಬ ವೈದ್ಯೆ ಮತ್ತು ಅವರ ಗಂಡ. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ಹೆಂಗಸರನ್ನು ಉಳಿಸಬೇಕು ಅನ್ನುವುದು ಆಕೆಯ ಹಟವಾಗಿತ್ತು. ಅರವತ್ತು ವರ್ಷ ಹಳೆಯ ಮಾತ್ರೆ, ಔಷಧದಂಗಡಿಯಲ್ಲಿ ಸಿಗುತ್ತದೆ. ಗರ್ಭಕೋಶ ತೆಗೆಸಿಕೊಂಡ ಪರಿಚಯದವರು ನಿಮಗಿದ್ದರೆ ಒಮ್ಮೆ ಕೇಳಿ: ಆಪರೇಷನ್‌ಗೆ ಮೊದಲು ನಿಮಗೆ ಇದನ್ನು ಎಷ್ಟು ತಿಂಗಳು ಕೊಟ್ಟಿದ್ದರು?

ಇನ್ನು ಹೊಸ ಔಷಧಗಳು. ಗಡ್ಡೆಯ ರಕ್ತಸ್ರಾವಕ್ಕೆ ರೆಲುಗೊಲಿಕ್ಸ್ ಇರುವ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಲಿಬರ್ಟಿ ಹೆಸರಿನ ಎರಡು ಪ್ರಯೋಗಗಳಲ್ಲಿ ಔಷಧ ತೆಗೆದುಕೊಂಡ ನೂರರಲ್ಲಿ 70ಕ್ಕೂ ಹೆಚ್ಚು ಮಂದಿಗೆ ರಕ್ತಸ್ರಾವ ಗಣನೀಯವಾಗಿ ಇಳಿಯಿತು. ಬರೀ ಹುಸಿಮಾತ್ರೆ ನುಂಗಿದವರಲ್ಲಿ ಇಳಿದದ್ದು ನೂರರಲ್ಲಿ 20ಕ್ಕೂ ಕಡಿಮೆ ಮಂದಿಗೆ. ಒಳ್ಳೆಯ ಫಲಿತಾಂಶ, ನಾವೇನೂ ತೆಗಳುವುದಿಲ್ಲ. ಆದರೆ ಆ ಪ್ರಯೋಗದಲ್ಲಿ ಇದ್ದವರು ಯಾರು? ಕೇಂದ್ರಗಳೆಲ್ಲ ಅಮೆರಿಕ, ಯುರೋಪ್, ದಕ್ಷಿಣ ಅಮೆರಿಕ, ದಕ್ಷಿಣ ಆಫ್ರಿಕಾದಲ್ಲಿ. ರಕ್ತ ಎಷ್ಟು ಹೋಗುತ್ತದೆ ಅಂತ ಅಳೆದದ್ದು ಬಳಸಿದ ಪ್ಯಾಡುಗಳನ್ನು ಸಂಗ್ರಹಿಸಿ, ಪ್ರಯೋಗಾಲಯಕ್ಕೆ ಕಳಿಸಿ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗೆ ಇದ್ದವರಿಗೆ ಪ್ರವೇಶವೇ ಇಲ್ಲ.

ಬಟ್ಟೆ ಬಳಸಿ, ತೊಳೆದು, ಯಾರ ಕಣ್ಣಿಗೂ ಬೀಳದಂತೆ ಸೀರೆಯಡಿ ಒಣಹಾಕುವ ಹೆಂಗಸಿನ ಮುಟ್ಟನ್ನು ಆ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ? ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ಸರ್ಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಗಡ್ಡೆಯಿಂದ ರಕ್ತ ಸೋರಿ ಸೋರಿ ಹಿಮೋಗ್ಲೋಬಿನ್ 6ಕ್ಕೆ ಇಳಿದವಳಿಗೇ ಚಿಕಿತ್ಸೆ ಎಲ್ಲರಿಗಿಂತ ಮೊದಲು ಬೇಕು. ಅವಳೇ ಬಾಗಿಲ ಹೊರಗೆ.

ಇತ್ತ ನಮ್ಮಲ್ಲಿ ಏನು ನಡೆಯಿತು? ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಸಾಲುಸಾಲಾಗಿ ತೆಗೆದದ್ದು 2015ರಲ್ಲಿ ಬಯಲಾಯಿತು. ಆಗ ಸುದ್ದಿಯಾದ ಲೆಕ್ಕ 2,200ಕ್ಕೂ ಹೆಚ್ಚು. ಅವರಲ್ಲಿ ನಲವತ್ತು ದಾಟದವರು ಬಹಳ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರು ಅವರು. 2017ರ ಫೆಬ್ರುವರಿಯಲ್ಲಿ ಆ ಹೆಂಗಸರೇ ಕಲಬುರಗಿಯ ಬೀದಿಗೆ ಬಂದು ಕೂತರು. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆ ಇನ್ನೊಂದು ಕಥೆ. ಅಲ್ಲಿಂದ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಕಬ್ಬು ಕಡಿಯಲು ಬರುತ್ತಾರೆ. 2019ರಲ್ಲಿ ಸರ್ಕಾರ ಸುಮಾರು 82 ಸಾವಿರ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ.

ನೆದರ್ಲೆಂಡ್ಸ್‌ನ 177 ಮಂದಿಯನ್ನು ಹತ್ತು ವರ್ಷ ಬಿಟ್ಟು ಹುಡುಕಿ ಕೇಳಿದರಲ್ಲ, ಕಲಬುರಗಿಯ ಈ ಹೆಂಗಸರ ಮೂಳೆ ಹೇಗಿದೆ, ಎದೆ ಹೇಗಿದೆ, ದುಡಿಯಲು ಆಗುತ್ತಿದೆಯಾ ಅಂತ ವರ್ಷಕ್ಕೊಮ್ಮೆ ಅಳೆದು ಬರೆದಿಡುವ ಹೊಣೆ ಯಾರದ್ದು? ಅಂಡಕೋಶ ಬಿಟ್ಟು ಬರೀ ಗರ್ಭಕೋಶ ತೆಗೆದರೂ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳು ಸುಮಾರು ನಾಲ್ಕು ವರ್ಷ ಮೊದಲೇ ಬರುತ್ತವೆ ಅಂತ 2005ರಲ್ಲೇ ನ್ಯೂಜಿಲೆಂಡಿನ ಅಧ್ಯಯನ ತೋರಿಸಿದೆ. ಅಂಡಕೋಶವನ್ನೂ ತೆಗೆದರೆ ಮರುದಿನದಿಂದಲೇ ಮುಪ್ಪು. ಮೂವತ್ತೆರಡಕ್ಕೆ ಮೈ ಉರಿ, ಕೀಲುನೋವು, ನಿದ್ದೆ ಇಲ್ಲ. ಹೊಲಕ್ಕೆ ಹೋಗಲಾಗದೆ ಮನೆಯಲ್ಲಿ “ಮೈಗಳ್ಳಿ” ಅನ್ನಿಸಿಕೊಳ್ಳುವುದು ಬೇರೆ.

ಯುರೋಪಿನಲ್ಲಿ ಉಲಿಪ್ರಿಸ್ಟಾಲ್ ಎಂಬ ಗಡ್ಡೆಯ ಮಾತ್ರೆ ಇತ್ತು. ಕೆಲವೇ ಕೆಲವರ ಯಕೃತ್ತು ಕೆಟ್ಟು ಕಸಿ ಮಾಡಬೇಕಾಯಿತು. ಅಷ್ಟಕ್ಕೇ ಅಲ್ಲಿನ ಔಷಧ ಪ್ರಾಧಿಕಾರ 2018ರಲ್ಲಿ, ಮತ್ತೆ 2020ರಲ್ಲಿ ಅದರ ಮೇಲೆ ನಿರ್ಬಂಧ ಹಾಕಿತು. ಸರಿಯಾದ ಕೆಲಸವೇ. ಮಾತ್ರೆಗೆ ಅಷ್ಟು ಕಾವಲು ಇರುವಾಗ ಕತ್ತರಿಗೆ ಯಾಕಿಲ್ಲ?

ಡಾಕ್ಟರುಗಳು ಹೇಳುವುದನ್ನೂ ಕೇಳಿದ್ದೇವೆ. “ಮಾತ್ರೆ ಕೊಟ್ಟರೆ ತಿರುಗಿ ಬರಲ್ಲ, ರಕ್ತ ಹೋಗಿ ಸತ್ತರೆ ನಮ್ಮ ಮೇಲೆ ಬರ್ತದೆ.” “ಅವರೇ ತೆಗೆದುಬಿಡಿ ಅಂತಾರೆ.” ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಬೇರೆ ಏನೂ ಫಲಿಸದೆ ಆಪರೇಷನ್ ಬೇಕೇ ಬೇಕಾದವರು ಇದ್ದಾರೆ, ಅದರಿಂದ ನೆಮ್ಮದಿ ಕಂಡವರೂ ಇದ್ದಾರೆ. ಅವರು ಈ ಬರಹ ಓದಿ ಹೆದರಬೇಕಿಲ್ಲ. ಆದರೆ “ಅವರೇ ಕೇಳ್ತಾರೆ” ಅನ್ನುವ ಮಾತು ನಮಗೆ ಒಪ್ಪಿಗೆಯಿಲ್ಲ. ಶೌಚಾಲಯ ಇಲ್ಲದ ಗದ್ದೆಯಲ್ಲಿ, ರಜೆ ಹಾಕಿದರೆ ಕೂಲಿ ಕಡಿಯುವ ಮೇಸ್ತ್ರಿಯ ಕೈಕೆಳಗೆ ದುಡಿಯುವವಳ ಮುಂದೆ ಒಂದೇ ದಾರಿ ಇಟ್ಟು, ಅವಳು ಅದನ್ನು ಹಿಡಿದಾಗ ಅವಳದೇ ಆಯ್ಕೆ ಅನ್ನುವುದು ಯಾವ ನ್ಯಾಯ?

ಇನ್ನೊಂದು ಆಕ್ಷೇಪ ನಮ್ಮವರದ್ದೇ: ಹಳ್ಳಿ ಹೆಂಗಸರ ಮೇಲೆ ಪ್ರಯೋಗ ಮಾಡಿ ಅನ್ನುತ್ತೀರಾ? ಈ ಭಯಕ್ಕೆ ಕಾರಣ ಇದೆ. ಅವಿಭಜಿತ ಆಂಧ್ರದ ಖಮ್ಮಂನಲ್ಲಿ ಎಚ್‌ಪಿವಿ ಲಸಿಕೆ ಅಧ್ಯಯನಕ್ಕೆ ಆದಿವಾಸಿ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಿದರು, 2013ರಲ್ಲಿ ಸಂಸದೀಯ ಸಮಿತಿ ಛೀಮಾರಿ ಹಾಕಿತು. ಅಂಥದ್ದು ಬೇಡ. ನಾವು ಕೇಳುವುದು ಕನ್ನಡದಲ್ಲಿ, ಲಂಬಾಣಿಯಲ್ಲಿ ಓದಿ ಹೇಳಿದ ಒಪ್ಪಿಗೆ ಪತ್ರ. ಯಾವಾಗ ಬೇಕಾದರೂ ಬಿಟ್ಟುಹೋಗುವ ಹಕ್ಕು. ಫಲಿತಾಂಶ ಮೊದಲು ತಾಂಡಾಕ್ಕೆ. ನಿಜ ಹೇಳಬೇಕೆಂದರೆ ಪ್ರಯೋಗ ಈಗಲೂ ನಡೆಯುತ್ತಲೇ ಇದೆ, ಒಪ್ಪಿಗೆಯೂ ಇಲ್ಲ, ದಾಖಲೆಯೂ ಇಲ್ಲ.

ಆಶಾ ಅಕ್ಕನ ಚೀಲದಲ್ಲಿ ‘ಛಾಯಾ’ ಮಾತ್ರೆ ಇರುತ್ತದಲ್ಲ, ಅದು ಲಖನೌನ ಸರ್ಕಾರಿ ಸಂಶೋಧನಾಲಯದಲ್ಲಿ ಹುಟ್ಟಿದ್ದು. ಗರ್ಭ ತಡೆಯಲು ಕೊಡುವ ಈ ಔಷಧವನ್ನು ಅತಿ ರಕ್ತಸ್ರಾವಕ್ಕೂ ನಮ್ಮ ಡಾಕ್ಟರುಗಳು ಬಳಸುತ್ತಾರೆ, ಸಣ್ಣಪುಟ್ಟ ಅಧ್ಯಯನಗಳೂ ಆಗಿವೆ. (ನೀವೇ ನುಂಗಲು ಹೋಗಬೇಡಿ, ಡಾಕ್ಟರ್ ಹೇಳಬೇಕು.) ಇದನ್ನು ಟ್ರಾನೆಕ್ಸಾಮಿಕ್ ಜೊತೆ, ಹಾರ್ಮೋನ್ ವಂಕಿ ಜೊತೆ ಇಟ್ಟು, ತಾಲ್ಲೂಕು ಆಸ್ಪತ್ರೆಗಳಲ್ಲಿ, ರಕ್ತಹೀನತೆ ಇರುವವರನ್ನೂ ಸೇರಿಸಿಕೊಂಡು, ಐದು ವರ್ಷ ನೋಡುವ ದೊಡ್ಡ ಅಧ್ಯಯನ ಬೇಕು. ಲಾಭ ಕಾಣದ ಕಂಪನಿ ಇದಕ್ಕೆ ದುಡ್ಡು ಹಾಕುವುದಿಲ್ಲ. ಸರ್ಕಾರವೇ ಹಾಕಬೇಕು.

ಅಲ್ಲಿವರೆಗೆ ಒಂದು ಹಿಡಿತವಾದರೂ ಇದೆ. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಡಾ. ನರೇಂದ್ರ ಗುಪ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅದನ್ನು ಜಾರಿಗೆ ತರಬೇಕು ಅಂತ ಹೇಳಿತು. ಜಿಲ್ಲೆಗೊಂದು ನಿಗಾ ಸಮಿತಿ ಅದರಲ್ಲಿದೆ. ನಿಮ್ಮ ಜಿಲ್ಲೆಯ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು, ಕಳೆದ ವರ್ಷ ನಲವತ್ತರೊಳಗಿನ ಎಷ್ಟು ಹೆಂಗಸರ ಗರ್ಭಕೋಶ ತೆಗೆದರು, ಯಾವ ಕಾರಣಕ್ಕೆ? ಇಷ್ಟನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಬರೆದು ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಅರ್ಜಿ ಒಂದೇ ವಿಷಯದ ಮೇಲಿರಲಿ, 150 ಪದ ಮೀರದಿರಲಿ. ಉತ್ತರ ಬಂದರೆ ಅದರ ಫೋಟೊ ನಮಗೆ ಕಳಿಸಿ. 30 ದಿನದಲ್ಲಿ ಬರದಿದ್ದರೆ ಅರ್ಜಿಯ ಸ್ವೀಕೃತಿಯನ್ನೇ ಕಳಿಸಿ, ಅದನ್ನೂ ಇಲ್ಲೇ ಹಾಕುತ್ತೇವೆ.