ಹಳೆಯ ಕಾರು, ದೂರದ ಪಯಣ

ಬೇಸಿಗೆಯ ರಜೆ ಬಂದೊಡನೆ ಮಕ್ಕಳು ಮೊಮ್ಮಕ್ಕಳೊಡನೆ ಕಡಲತೀರಕ್ಕೆ ಹೊರಡುವ ಕುಟುಂಬಗಳು ನಮ್ಮ ಬಯಲುಸೀಮೆಯಲ್ಲಿ ಅನೇಕ. ಇಂಥ ಮನೆಗಳಲ್ಲಿ ಮಾರುತಿ 800 ಕಾರನ್ನು ಮಮತೆಯಿಂದ ಉಳಿಸಿಕೊಂಡವರು ಇಂದಿಗೂ ಇದ್ದಾರೆ. 1983ರಲ್ಲಿ ಮೊದಲು ಹೊರಬಂದ ಈ ವಾಹನದ ತಯಾರಿಕೆ 2014ರಲ್ಲಿ ನಿಂತಿತು. ಎಂದ ಮೇಲೆ ಇವುಗಳಲ್ಲಿ ಅತ್ಯಂತ ಕಿರಿಯದಕ್ಕೂ ಹತ್ತು ವರ್ಷ ಮೀರಿದೆ. "ನಮ್ಮ ಗಾಡಿ ಹೆಚ್ಚು ಓಡಿಯೇ ಇಲ್ಲ ಗುರುಗಳೆ, ಹೊಸದರಂತೆಯೇ ಇದೆ" ಎನ್ನುವವರನ್ನು ನಾವು ಬಲ್ಲೆವು.

ಆ ಮಾತಿನಲ್ಲಿಯೇ ಅಪಾಯ ಅಡಗಿದೆ. ಕಬ್ಬಿಣವು ಓಟದಿಂದ ಸವೆಯುತ್ತದೆ. ರಬ್ಬರು ಮತ್ತು ದ್ರವಗಳಾದರೋ ನಿಂತಲ್ಲಿಯೇ ಮುಪ್ಪಾಗುತ್ತವೆ.

ಎಲ್ಲಕ್ಕಿಂತ ಮೊದಲು ಬ್ರೇಕ್ ಆಯಿಲ್ ನೋಡಬೇಕು. ಅದು ಗಾಳಿಯಲ್ಲಿನ ತೇವವನ್ನು ಮೆಲ್ಲನೆ ಹೀರುವ ದ್ರವ. ಸಾಮಾನ್ಯ ಬಳಕೆಯ ಡಾಟ್ 3 ಆಯಿಲು ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಲಾರದು. ತೇವ ಹೀರಿದ ಬಳಿಕ ಈ ಮಿತಿ 140 ಡಿಗ್ರಿಯವರೆಗೂ ಇಳಿಯಬಹುದು. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವವರು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುತ್ತಾರಷ್ಟೆ. ತುಂಬಿದ ಕಾರಿನಲ್ಲಿ ಬ್ರೇಕನ್ನು ಒತ್ತುತ್ತಲೇ ಇಳಿದರೆ ಆ ಕಾವಿಗೆ ಹಳೆಯ ಆಯಿಲು ಕುದಿದು ಆವಿಯಾಗುತ್ತದೆ. ಆಗ ಪೆಡಲು ತಳ ಮುಟ್ಟಿದರೂ ಕಾರು ನಿಲ್ಲದು. ಊರೊಳಗೆ ಸಂತೆಗೆ ಹೋಗಿಬರುವಾಗ ಈ ದೋಷ ಎಂದೂ ತೋರುವುದಿಲ್ಲ. ತೋರುವುದು ಇಳಿಜಾರಿನ ತಿರುವಿನಲ್ಲಿಯೇ. ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿ ಬದಲಿಸುವುದು, ಘಟ್ಟವನ್ನು ಎರಡನೆಯ ಗೇರಿನಲ್ಲಿ ಇಳಿಯುವುದು, ಇವೆರಡೂ ದುಬಾರಿಯವಲ್ಲ.

ಟೈರಿನ ವಯಸ್ಸು ಅದರ ಬದಿಯಲ್ಲಿಯೇ ನಾಲ್ಕು ಅಂಕೆಗಳಲ್ಲಿದೆ. 1419 ಎಂದಿದ್ದರೆ 2019ರ 14ನೆಯ ವಾರ ಎಂದರ್ಥ. ಗ್ರಿಪ್ ಉಳಿದಿದ್ದರೂ ಬದಿಯಲ್ಲಿ ಬಿರುಕು ಬಿಟ್ಟ ಮುದಿ ಟೈರನ್ನು ಬಿಸಿಲಿನ ಹೆದ್ದಾರಿಗೆ ಒಯ್ಯಬಾರದು. ಸ್ಟೆಪ್ನಿಯನ್ನೂ ಹೊರತೆಗೆದು ನೋಡಬೇಕು. (ವೇಲ್ಸ್ ಸೀಮೆಯ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಇಂಥ ಚಕ್ರ ಹುಟ್ಟಿತು, ಬೀದಿಯ ಹೆಸರು ನಮ್ಮ ಹಳ್ಳಿಯ ಮೆಕ್ಯಾನಿಕ್ಕನ ನಾಲಗೆಯವರೆಗೆ ಬಂದುದು ಶಬ್ದಪ್ರಿಯರಾದ ನಮಗೆ ಸೋಜಿಗ.)

ರೇಡಿಯೇಟರಿನ ಪೈಪು, ಫ್ಯಾನ್ ಬೆಲ್ಟು, ಟೈಮಿಂಗ್ ಬೆಲ್ಟು ಇವೂ ರಬ್ಬರಿನವೇ. ಟೈಮಿಂಗ್ ಬೆಲ್ಟು ಯಾವಾಗ ಬದಲಾಯಿತೆಂಬ ಚೀಟಿ ಮನೆಯಲ್ಲಿ ಸಿಗದಿದ್ದರೆ ಬದಲಿಸಿಬಿಡುವುದೇ ವಿವೇಕ. ಅದು ತುಂಡಾದ ಕ್ಷಣವೇ ಎಂಜಿನ್ ನಿಲ್ಲುತ್ತದೆ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಬೆರೆತಿರುವುದರಿಂದ, ಅಂಥ ಮಿಶ್ರಣಕ್ಕಾಗಿ ರೂಪಿಸದ ಹಳೆಯ ಕಾರುಗಳ ಪೆಟ್ರೋಲ್ ಪೈಪನ್ನೂ ಪರೀಕ್ಷಿಸಬೇಕು. 15 ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿದೆಯೆ ಎಂಬುದನ್ನೂ ನೋಡಿಕೊಳ್ಳಬೇಕು.

ಈ ಕೆಲಸಗಳನ್ನು ಹೊರಡುವ ಮುನ್ನಾದಿನ ಮಾಡಿಸುವ ವಾಡಿಕೆ ನಮಗೆ ಒಪ್ಪಿಗೆಯಿಲ್ಲ. ಬಿಚ್ಚಿ ಜೋಡಿಸಿದ ಜಾಗದಲ್ಲಿಯೇ ಹೊಸ ಸೋರಿಕೆ ಹುಟ್ಟುವುದುಂಟು. ಎರಡು ವಾರ ಮೊದಲೇ ಮುಗಿಸಿ, ಮನೆಮಂದಿಯನ್ನು ಕೂರಿಸಿಕೊಂಡು ಸುಮಾರು ನೂರು ಕಿಲೋಮೀಟರು ಓಡಿಸಿ ಬರಬೇಕು. ಅಂದು ರಾತ್ರಿ ಕಾರಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿಡಿ (ಈ ಮಾಸಿಕವನ್ನಲ್ಲ). ಮುಂಜಾನೆ ಎಂಜಿನ್ನಿನ ಕೆಳಗೆ ಕಪ್ಪು ಕಲೆಯಿದ್ದರೆ ಎಂಜಿನ್ ಆಯಿಲು, ಹಸಿರು ತೇವವಿದ್ದರೆ ಕೂಲಂಟು. ಚಕ್ರದ ಒಳಬದಿಯಲ್ಲಿ ತಿಳಿ ಜಿಡ್ಡು ಕಂಡರೆ ಅದು ಬ್ರೇಕ್ ಆಯಿಲೇ ಇರಬಹುದು. ಅಂಥ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗದೆ, ಮೆಕ್ಯಾನಿಕ್ಕನನ್ನೇ ಮನೆಗೆ ಕರೆಸಿ.