ಬಂಡೆಯ ಮೇಲಿನ ಬಿಳಿ ಪಟ್ಟಿ

ಗೋಕರ್ಣದ ಕುಡ್ಲೆ ತೀರದಿಂದ ಓಂ ತೀರಕ್ಕೆ ನಡೆದು ಹೋಗಲು ಅರ್ಧ ಗಂಟೆ ಸಾಕು. ನಡುವೆ ಇರುವುದು ಚಿರೇಕಲ್ಲಿನ ಒಂದು ಗುಡ್ಡ. ಏರುವಾಗ ಸ್ವಲ್ಪ ಏದುಸಿರು, ಇಳಿಯುವಾಗ ಜಾರುವ ಹರಳುಗಳ ಬಗ್ಗೆ ಎಚ್ಚರ, ಅಷ್ಟೇ. ಆದರೆ ಮಕ್ಕಳು ಜೊತೆಗಿದ್ದರೆ ಈ ಅರ್ಧ ಗಂಟೆ ಅರ್ಧ ದಿನವಾದರೂ ಆಶ್ಚರ್ಯವಿಲ್ಲ.

ನೀರು ಹಿಂದೆ ಸರಿದ ಒದ್ದೆ ಮರಳನ್ನು ನೋಡಿ. ಪುಟ್ಟ ತೂತುಗಳು, ಅವುಗಳ ಸುತ್ತ ಸಾಸಿವೆ ಗಾತ್ರದಿಂದ ಕಡಲೆ ಗಾತ್ರದವರೆಗಿನ ಮರಳಿನ ಗೋಲಿಗಳು. ಇದು ಉಗುರಿನಷ್ಟೇ ದೊಡ್ಡದಾದ ಏಡಿಯ ಕೆಲಸ. ಮರಳನ್ನು ಬಾಯಿಗಿಟ್ಟು, ಅದರಲ್ಲಿ ಅಂಟಿದ ಸೂಕ್ಷ್ಮ ಪಾಚಿ ಮತ್ತು ಜೀವಾಣುಗಳನ್ನು ತಿಂದು, ಉಳಿದುದನ್ನು ಉಂಡೆ ಮಾಡಿ ಬಿಡುತ್ತದೆ. ಮುಂದಿನ ಉಬ್ಬರ ಎಲ್ಲವನ್ನೂ ಅಳಿಸುತ್ತದೆ. ಹಾಗಾಗಿ ಗೋಲಿಗಳು ಹೆಚ್ಚಿದ್ದಷ್ಟೂ ನೀರು ಸರಿದು ಹೆಚ್ಚು ಹೊತ್ತಾಗಿದೆ ಎಂದರ್ಥ. ಗಡಿಯಾರ ಬೇಕಿಲ್ಲ!

ಗುಡ್ಡದ ಬುಡದ ಬಂಡೆಗಳಲ್ಲಿ ಇನ್ನೂ ಮುಖ್ಯವಾದ ಬರಹವಿದೆ. ಸುಣ್ಣ ಬಳಿದಂತೆ ಕಾಣುವ ಬಿಳಿ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಅದು ಬಂಡೆಗಂಟಿದ ಸಾವಿರಾರು ಬಾರ್ನಕಲ್‌ಗಳು. ನೋಟಕ್ಕೆ ಚಿಪ್ಪು, ಜಾತಿಯಲ್ಲಿ ಏಡಿ-ಸಿಗಡಿಗಳ ಬಂಧು. ನೀರು ಮುಚ್ಚಿದಾಗ ಮಾತ್ರ ಗರಿಯಂಥ ಕಾಲುಗಳನ್ನು ಚಾಚಿ ಆಹಾರ ಸೋಸಿಕೊಳ್ಳುತ್ತವೆ. ನೀರು ಮುಟ್ಟದ ಕಡೆ ಅವು ಬದುಕಲಾರವು. ಅಂದರೆ ಆ ಪಟ್ಟಿ ಮಗುವಿನ ಭುಜದ ಎತ್ತರಕ್ಕಿದ್ದರೆ, ಕೆಲವು ಗಂಟೆಗಳಲ್ಲಿ ನೀರೂ ಅಲ್ಲಿಗೆ ಬರುತ್ತದೆ.

ಗುಡ್ಡ ಏರಲು ಬೇಸರಪಟ್ಟು ಬುಡದ ಬಂಡೆಗಳ ಮೇಲೇ ಸುತ್ತಿ ಹೋಗುವವರು ಮರೆಯುವುದು ಇದನ್ನೇ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ ಹೌದು. ಆದರೆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಏರಿದ್ದೇ ತಿಳಿಯದು. ನಡುವಿನ ಎರಡು ಗಂಟೆಗಳಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಮುಗಿದುಹೋಗುತ್ತದೆ. ಹೋಗುವಾಗ ಒಣಗಿದ್ದ ದಾರಿ ಬರುವಾಗ ಇರುವುದಿಲ್ಲ.

ಗುಡ್ಡದ ನೆತ್ತಿಯಿಂದ ಬಿಳಿಹೊಟ್ಟೆಯ ಕಡಲ ಹದ್ದು ಕಂಡರೆ ಅದೃಷ್ಟ. ಗರುಡನೆಂದು ಹಲವರು ಕೈಮುಗಿಯುತ್ತಾರೆ. ಗರುಡನ ಮೈ ಇಟ್ಟಿಗೆ ಬಣ್ಣ, ತಲೆ-ಎದೆ ಮಾತ್ರ ಬಿಳುಪು. ಕಡಲ ಹದ್ದು ಅದಕ್ಕಿಂತ ಬಹಳ ದೊಡ್ಡದು, ಬೆನ್ನು ಬೂದು. ಮೀನಿನ ಜೊತೆ ಕಡಲ ಹಾವನ್ನೂ ಹಿಡಿಯುತ್ತದೆ. ಕೆಳಗೆ ನೀರಿನಲ್ಲಿ ಡಾಲ್ಫಿನ್‌ಗಳ ಬೆನ್ನು ಕಾಣುವುದೂ ಉಂಟು. ಬೆಳಿಗ್ಗೆ ಕಡಲು ತಿಳಿಯಾಗಿದ್ದಾಗ ಗುರುತಿಸುವುದು ಸುಲಭ. ಬಿಸಿಲೇರಿ ನೆಲ ಕಾದಂತೆ ಗಾಳಿ ಕಡಲಿನಿಂದ ನೆಲದತ್ತ ತಿರುಗುತ್ತದೆ, ತೆರೆಗಳ ನೊರೆಯಲ್ಲಿ ಬೆನ್ನು ಯಾವುದು ಅಲೆ ಯಾವುದು ತಿಳಿಯದು.

ಅಕ್ಟೋಬರ್‌ನಲ್ಲಿ ಇನ್ನೊಂದು ಪೇಚು. ಬೆಳಗಿನ ಆಕಾಶ ತೊಳೆದಿಟ್ಟಂತಿರುತ್ತದೆ. ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಕಪ್ಪು ಮೋಡ ಬರುತ್ತದೆ. ಕಡಲನ್ನೇ ನೋಡುತ್ತ ಕುಳಿತವರಿಗೆ ಅದು ಬೆನ್ನ ಹಿಂದೆ. ನೆತ್ತಿಯ ಬೋಳು ಬಯಲಿನಲ್ಲಿ ಮನುಷ್ಯನೇ ಎತ್ತರ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ, ಮೂರರಿಂದ ಭಾಗಿಸಿದರೆ ಮಿಂಚಿನ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ಮೂವತ್ತರೊಳಗೆ ಗುಡುಗು ಕೇಳಿದರೆ ಇಳಿದು ಗಟ್ಟಿ ಕಟ್ಟಡ ಸೇರಬೇಕು, ಮರದಡಿಯಲ್ಲ.

ಮಳೆಯಿಲ್ಲದ ಕಾಲದ ಕಡಲು ಸಾಧು ಎಂಬ ನಂಬಿಕೆಯೂ ಬೇಡ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅಲೆಗಳ ನಡುವೆ ಅಲೆ ಒಡೆಯದ ಶಾಂತ ಓಣಿ ಕಂಡರೆ ಮಕ್ಕಳನ್ನು ಅಲ್ಲಿಗೆ ಬಿಡುವವರಿದ್ದಾರೆ. ದಡಕ್ಕೆ ಬಂದ ನೀರು ಒಳಕಡಲಿಗೆ ರಭಸದಿಂದ ಮರಳುವ ದಾರಿ ಹಲವೊಮ್ಮೆ ಅದೇ.

ಹೊರಡುವ ಮುನ್ನ ಪಂಚಾಂಗದಲ್ಲಿ ತಿಥಿ ನೋಡಿ. ಹುಣ್ಣಿಮೆ-ಅಮಾವಾಸ್ಯೆಯ ಸುಮಾರಿಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಬೆಳಗಿನ ಇಳಿತ ಏಳರ ಆಸುಪಾಸಿಗೆ ಬೀಳುವ ದಿನ ಸಿಕ್ಕರೆ ಆರಕ್ಕೇ ಕುಡ್ಲೆಯಲ್ಲಿರಬಹುದು, ಹತ್ತರೊಳಗೆ ತಿಂಡಿಗೆ ವಾಪಸಾಗಬಹುದು.