ಗುಜರಿಗೆ ಹಾಕುವ ಮೊದಲು

“ಇದು ಹಳೇದಾತ್ರೀ ಅಕ್ಕಾರ, ಒಗದು ಹೊಸಾದು ತಗೋರಿ. ಲಿನಕ್ಸ್ ಅಂತೀರಿ, ಅದು ಹೆಣ್ಣಮಕ್ಕಳಿಗೆ ಆಗೂ ಮಾತಲ್ಲ.”

ಕಂಪ್ಯೂಟರ್ ರಿಪೇರಿಯವನ ಈ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರ ಕೆಟ್ಟಿರಲಿಲ್ಲ. ಆಗಿದ್ದು ಇಷ್ಟೆ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಬೆಂಬಲ ಮುಗಿಯಿತು, ವಿಂಡೋಸ್ 11ರ ಪಟ್ಟಿಯಲ್ಲಿ ನನ್ನ ಹಳೆಯ ಪ್ರೊಸೆಸರ್ ಇಲ್ಲ. ಇಷ್ಟಕ್ಕೇ ಗಟ್ಟಿಮುಟ್ಟಾದ ಯಂತ್ರ ಗುಜರಿಗೆ ಹೋಗಬೇಕೆ?

ಭೀಮಾ ದಂಡೆಯ ಮಣ್ಣೂರಿನಲ್ಲಿ ನಮ್ಮವ್ವ ಹರಿದ ಸೀರೆಯನ್ನೂ ಬಿಸಾಡಿದವಳಲ್ಲ. ಓಣಿಯ ಹೆಣ್ಣುಮಕ್ಕಳು ಕೂಡಿ ತುಂಡಿಗೆ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದರು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯೂ ಅಂಥದೇ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಯುನಿಕ್ಸ್ ಮಾದರಿಯಲ್ಲಿ ತೊಡಗಿದ ಕೆಲಸಕ್ಕೆ ಲೋಕದ ಸಾವಿರಾರು ಜನ ಕೈ ಹಚ್ಚಿದರು.

ಲಿನಕ್ಸಿನಲ್ಲಿ ಬಗೆಗಳು ಹಲವು. ನಾನು ಆರಿಸಿದ್ದು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಸೇರಿಸಿ ಇಟ್ಟ ಹೆಸರದು. ಅದಕ್ಕೆ ಬೆಲೆ ಕೊಡಬೇಕಿಲ್ಲ. ದಿನಕ್ಕೊಂದು ಹೊಸತನದ ಚಪಲವೂ ಅದಕ್ಕಿಲ್ಲ. 2025ರ ಆಗಸ್ಟಿನಲ್ಲಿ ಬಂದ 13ನೆಯ ಆವೃತ್ತಿಗೆ ಐದು ವರ್ಷ ಸುರಕ್ಷತೆಯ ದುರಸ್ತಿ ಸಿಗುತ್ತದೆ. ಮನೆವಾರ್ತೆಗೆ ಬೇಕಾದದ್ದು ಈ ಭರವಸೆ, ಥಳಕಲ್ಲ.

ತೊಡಕೇ ಇಲ್ಲ ಎನ್ನಲಾರೆ. ಅವ್ವನ ಬೀಸುಕಲ್ಲಿನ ಹಾಡುಗಳನ್ನು ಹಿಂದೆ ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡವನ್ನು ಕೂರಿಸುತ್ತಿದ್ದವು. ಫಾಂಟಿಲ್ಲದ ಡೆಬಿಯನ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಎದೆ ಧಸಕ್ಕೆಂದಿತು. ಅವನ್ನೆಲ್ಲ ಯುನಿಕೋಡಿಗೆ ಪರಿವರ್ತಿಸಿ ಸಾಲು ಸಾಲು ತಿದ್ದಿದೆ. ಈಗ ಅವ್ವನ ಹಾಡು ಮಗಳ ಫೋನಿನಲ್ಲೂ ತೆರೆಯುತ್ತದೆ.

ಹೆಣ್ಣುಮಕ್ಕಳಿಗೆ ಆಗದಂತೆ! ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಯಾವುದು? ಲಿನಕ್ಸೇ. ಕೇರಳ ಸರ್ಕಾರ ತನ್ನ ಶಾಲೆಗಳಿಗೆ ಅದನ್ನೇ ತಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಮಕ್ಕಳಿಗೆ ಆಗುವುದು ತಾಯಂದಿರಿಗೆ ಆಗದೆ?

ನಿಮ್ಮ ಕೆಲಸಕ್ಕೆ ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕದ ಪ್ರೋಗ್ರಾಂ ಬೇಕಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. ಫೈಲುಗಳನ್ನು ಬೇರೆಡೆ ನಕಲು ಮಾಡಿಡಿ. ಆಮೇಲೆ ಪೆನ್‌ಡ್ರೈವಿನಿಂದಲೇ ಡೆಬಿಯನ್ ನಡೆಸಿ ನೋಡಿ, ಒಳಗಿದ್ದದ್ದು ಅಳಿಸುವುದಿಲ್ಲ. ಮನಸ್ಸಿಗೆ ಬಂದರೆ ಹಾಕಿಕೊಳ್ಳಿ. ಬಾರದಿದ್ದರೆ ಗುಜರಿಯವನು ಎಲ್ಲಿಗೂ ಓಡಿಹೋಗುವುದಿಲ್ಲ.